ಚಾಪೆ ಈಗ ಯಾರ ಮನೆಯಲ್ಲಿ?

ಕಳೆದ ಮಳೆಗಾಲದಲ್ಲಿ ನಾನೊಂದು ಯೋಗದ ಚಾಪೆ ಕೊಂಡೆ. ನನ್ನನ್ನು ಬಲ್ಲವರು ಇಷ್ಟಕ್ಕೇ ನಗುತ್ತಾರೆ, ನಗಲಿ. ತಿರುವನಂತಪುರದ ಉಳ್ಳೂರಿನಲ್ಲಿ ನಾವಿರುವ ಫ್ಲಾಟಿನ ಮಹಿಳಾ ಸಂಘದವರು ಟೆರೇಸಿನಲ್ಲಿ ಯೋಗದ ಕ್ಲಾಸು ಶುರುಮಾಡಿದ್ದರು. ಅವರವರ ಚಾಪೆ ಅವರವರೇ ತರಬೇಕೆಂದು ವಾಟ್ಸಾಪಿನಲ್ಲಿ ಸೂಚನೆಯೂ ಬಂತು. ನಿವೃತ್ತಿಯಾದಂದಿನಿಂದ ನಾನು ಅಡ್ಡಡ್ಡಕ್ಕೇ ಬೆಳೆಯುತ್ತಿದ್ದೇನೆಂದು ಕನ್ನಡಿ ಹೇಳುತ್ತಿತ್ತು, ಯಜಮಾನರೂ ಹೇಳುತ್ತಿದ್ದರು. ಇಬ್ಬರ ಬಾಯಿಯನ್ನೂ ಮುಚ್ಚಿಸೋಣವೆಂದು ಜಂಕ್ಷನಿನ ಅಂಗಡಿಯಿಂದ ನೇರಳೆ ಬಣ್ಣದ ರಬ್ಬರಿನ ಚಾಪೆಯೊಂದನ್ನು ತಂದು ಹಾಲಿನಲ್ಲಿ ಹಾಸಿ ನೋಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆ ಚಾಪೆ ಮಾಡಿದವನಿಗೆ ಬಾಯಿಪಾಠ ಇರಬೇಕು. ಮಲಗಿದರೆ ನನ್ನ ಹಿಮ್ಮಡಿ ನೆಲದ ಮೇಲೆ, ಹೊರಳಿದರೆ ನಾನೇ ನೆಲದ ಮೇಲೆ.

ಸೋಫಾದಲ್ಲಿ ಕೂತಿದ್ದ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಕಾಸರಗೋಡಿನ ಕಡೆಯ ಊರಿನ ಮನೆ ಬಿಟ್ಟು ನಮ್ಮ ಜೊತೆಗೆ ಬಂದು ಅವಳಿಗೆ ಕೆಲವು ವರ್ಷಗಳಾದವು.

"ಇದರಲ್ಲಿ ಒಬ್ಬಳೇ ಕೂತುಕೊಳ್ಳುದಾ?" ಎಂದು ಕೇಳಿದಳು.

"ಹೌದಮ್ಮ, ಒಬ್ಬೊಬ್ಬರಿಗೆ ಒಂದೊಂದು."

"ಮತ್ತೆ ಸಂಘ ಅಂತ ಯಾಕೆ ಹೇಳುದು?"

ನಾನು ಎಡಗಾಲನ್ನು ಬಲತೊಡೆಯ ಮೇಲೆ ಎಳೆದುಕೊಳ್ಳುವ ಸಾಹಸದಲ್ಲಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ, "ನಮ್ಮ ಚಾಪೆ ಎಲ್ಲಿಟ್ಟಿದ್ದೀ?" ಎಂದಳು. ಕಾಲು ಅಲ್ಲಿಗೇ ನಿಂತಿತು.

ಅದು ಅಟ್ಟದ ಮೇಲಿತ್ತು, ಖಾಲಿ ಕುಕ್ಕರ್ ಡಬ್ಬಿಗಳ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿ. ಊರಿನಲ್ಲಿ ಅಮ್ಮನ ಹೆಂಗಸರ ಸಂಘದವರು ಕೂರುತ್ತಿದ್ದ, ಕೇದಗೆ ಓಲೆಯಲ್ಲಿ ಹೆಣೆದ ಚಾಪೆ. ಸುತ್ತಲೂ ಕೆಂಪು ಬಟ್ಟೆಯ ಅಂಚು. ಹತ್ತು ಹನ್ನೆರಡು ಹೆಂಗಸರು ಮಂಡಿಗೆ ಮಂಡಿ ತಾಗಿಸಿ ಕುಳಿತರೆ ಹಿಡಿಸುವಷ್ಟು ದೊಡ್ಡದು. ಊರು ಬಿಡುವಾಗ ಅಮ್ಮ ಬಟ್ಟೆಯ ಎರಡು ಚೀಲದ ಜೊತೆಗೆ ಇದನ್ನೂ ಹೊರಡಿಸಿದ್ದಳು. ನಾನು ಆಗ ಗೊಣಗಿದ್ದೆ, ಇಲ್ಲಿ ಇದನ್ನು ಹಾಸಿದರೆ ಮತ್ತೆ ನಾವು ನಿಲ್ಲಲು ಬಾಲ್ಕನಿಗೆ ಹೋಗಬೇಕು ಎಂದು.

ಹೆಂಗಸರ ಸಂಘಗಳ ಚರಿತ್ರೆ ಬರೆಯುವವರು ಸರಕಾರದ ಆದೇಶದಿಂದ ಶುರುಮಾಡುತ್ತಾರೆ. ಅಂಥ ಆದೇಶಗಳನ್ನು ಮಲಯಾಳದಿಂದ ಕನ್ನಡಕ್ಕೆ ಮಾಡಿ ಕಾಸರಗೋಡಿಗೆ ಕಳಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಇದೇ ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ, ಫ್ಯಾನಿನ ಕೆಳಗೆ ಕುಳಿತು, 'ಸಬಲೀಕರಣ' ಎಂಬ ಶಬ್ದವನ್ನು ನಾನು ಬರೆದಷ್ಟು ಸಲ ದೇವರ ಹೆಸರನ್ನೂ ಬರೆದವಳಲ್ಲ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ನೋಡುತ್ತೇನೆ, ಅಮ್ಮನ ಸಂಘದವರು ನನ್ನ ಸುತ್ತೋಲೆಯನ್ನು ಚಾಪೆಯ ಅಡಿಗೆ ಹಾಸಿದ್ದಾರೆ! ನೆಲದ ತಂಡಿ ಏರದ ಹಾಗೆ ಅಂತೆ. ಕಾಗದ ಒಳ್ಳೆ ದಪ್ಪ ಉಂಟೆಂದು ಮೆಚ್ಚುಗೆಯೂ ಸಿಕ್ಕಿತು. ನನ್ನ ಕನ್ನಡದಿಂದ ಆ ಹೆಂಗಸರಿಗೆ ಆದ ಉಪಕಾರ ಅಷ್ಟೇ.

ಅಮ್ಮನನ್ನು ಕೇಳಿದರೆ ಆ ಚರಿತ್ರೆ ಶುರುವಾಗುವುದು ಕಮಲಕ್ಕನ ಚೊಚ್ಚಲ ಬಾಣಂತನದಿಂದ. ಕಮಲಕ್ಕ ನಮ್ಮ ಕೆಳಗಿನ ಮನೆಯವಳು, ತಾಯಿ ಇಲ್ಲದವಳು, ಅತ್ತೆಯೂ ಇಲ್ಲ. ಕೂಸು ಹುಟ್ಟಿದಾಗ ನೀರು ಕಾಯಿಸಿ ಹೊಯ್ಯಲು ಒಬ್ಬಳು, ಕಷಾಯ ಕುದಿಸಲು ಒಬ್ಬಳು, ಎಣ್ಣೆ ತಿಕ್ಕಲು ಇನ್ನೊಬ್ಬಳು ಎಂದು ನೆರೆಯ ಹೆಂಗಸರು ಸರದಿ ಮಾಡಿಕೊಂಡರು. ಆ ವಾರ ಯಾರ ಸರದಿ ಎಂದು ಮಾತಾಡಲು ಆದಿತ್ಯವಾರ ಮಧ್ಯಾಹ್ನ ಒಟ್ಟುಸೇರುತ್ತಿದ್ದರು. ಕೂಸು ಬೆಳೆದು ಓಡಾಡಿದರೂ ಆದಿತ್ಯವಾರ ನಿಲ್ಲಲಿಲ್ಲ, ಅಷ್ಟರಲ್ಲಿ ಇನ್ನೊಬ್ಬಳಿಗೆ ಕಷ್ಟ ಬಂದಿತ್ತು.

ತೊಂದರೆ ಇದ್ದದ್ದು ಕೂರುವುದೆಲ್ಲಿ ಎಂಬುದರಲ್ಲಿ. ನಮ್ಮ ಅಜ್ಜಿ ಕೆಲವರನ್ನು ಅಂಗಳದಿಂದ ಮೇಲೆ ಹತ್ತಗೊಡುತ್ತಿರಲಿಲ್ಲ. ನೆರೆಯ ಮುಸ್ಲಿಂ ಹೆಂಗಸು ಐಸಮ್ಮನ ಮನೆಯಲ್ಲಿ ನಮ್ಮವರು ನೀರು ಕುಡಿಯುತ್ತಿರಲಿಲ್ಲ. ಒಂದು ಮನೆಯಲ್ಲಿ ಕುರ್ಚಿ ಇತ್ತು, ಇನ್ನೊಂದರಲ್ಲಿ ಹಾಸಲು ಗೋಣಿಯೂ ಇರಲಿಲ್ಲ. ಆಗ ಐಸಮ್ಮನೇ ಹೇಳಿದಳಂತೆ, "ಒಂದು ಚಾಪೆ ಹೆಣೆಸುವಾ. ಹಾಸಿದಷ್ಟು ಜಾಗ ಯಾರ ಮನೆಯದ್ದೂ ಅಲ್ಲ, ನಮ್ಮದು." ಸುಂದರಿ ಎಂಬವಳ ಅತ್ತೆ ಚಾಪೆ ಹೆಣೆಯುವವಳು. ಅವಳ ಕೈಯಲ್ಲಿ ಹೆಣೆಸಿದರು. ಹಾಗೆ ಒಂದು ಕಟ್ಟಳೆಯಾಯಿತು. ಚಾಪೆ ಯಾರ ಮನೆಯಲ್ಲಿದೆಯೋ ಮುಂದಿನ ಆದಿತ್ಯವಾರ ಅವಳ ಮನೆಯಲ್ಲಿ ಕೂಟ. ಅವಳೇ ಎಲ್ಲರಿಗೂ ಹೇಳಿಕಳಿಸಬೇಕು. ಹೇಳಿಕೆ ತಡವಾದರೂ ಉಳಿದವರು ಕೇಳಕೂಡದು, ಅವಳ ಮನೆಯಲ್ಲಿ ಏನು ತಾಪತ್ರಯವೋ. ಕುಡಿಯಲು ಎಲ್ಲರ ಮನೆಯಲ್ಲೂ ಕಟ್ಟನ್ ಚಾಯ ಮಾತ್ರ. ಹಾಲು ಹಾಕಿದರೆ ಹಾಲಿಲ್ಲದವಳಿಗೆ ಸಂಕಟ. ಕೂಟ ಮುಗಿದ ಮೇಲೆ ಇಬ್ಬರು ಚಾಪೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ಮುಂದಿನವಳ ಮನೆಗೆ ನಡೆಯುತ್ತಿದ್ದರು.

ನಮ್ಮ ಮನೆಯ ಸರದಿಯ ದಿನ ಅಜ್ಜಿ ಅವರೆಲ್ಲ ಹೊರಟ ಮೇಲೆ ಜಗಲಿಗೆ ನೀರು ಚಿಮುಕಿಸುತ್ತಿದ್ದಳು. ಹೆಂಗಸರು ತಿರುಗಿ ನೋಡಿದರೆ ಅಮ್ಮ, "ಧೂಳು ಕೂರ್ಲಿ ಅಂತ ಅತ್ತೆ ಚಿಮುಕಿಸುದು" ಎನ್ನುತ್ತಿದ್ದಳು, ಜಡಿಮಳೆಯಲ್ಲೂ. ಐಸಮ್ಮ ಕತೆ ಹೇಳುವುದರಲ್ಲಿ ಗಟ್ಟಿಗಿತ್ತಿ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅಜ್ಜಿ ಒಂದು ಮಧ್ಯಾಹ್ನ, ಕತೆ ತುದಿಗೆ ಬಂದಾಗ ತಡೆಯಲಾಗದೆ ಚಾಪೆಯ ಅಂಚಿಗೆ ಬಂದು ಕೂತೇಬಿಟ್ಟಳು. ಆಮೇಲೆ ಧೂಳಿನ ಉಪದ್ರ ಕಡಿಮೆಯಾಯಿತು.

ನನಗೆ ಆಗ ಲಂಗ ಹಾಕುವ ಪ್ರಾಯ. ಚಾಪೆಯ ನಡುವೆ ಮಲಗಿದರೆ ಸುತ್ತಲೂ ಮಂಡಿಗಳ ಬೇಲಿ. ಬೀಡಿ ಎಲೆ ಕತ್ತರಿಸುವ ಸದ್ದು, ತಂಬಾಕಿನ ಘಾಟು, ಯಾರದೋ ಸೆರಗಿನ ಕೊಬ್ಬರಿ ಎಣ್ಣೆಯ ವಾಸನೆ. ಕೂಟವೆಂದು ಯಾರೂ ಕೈಕಟ್ಟಿ ಕೂರುತ್ತಿರಲಿಲ್ಲ, ತಮ್ಮ ತಮ್ಮ ಕೆಲಸ ಮಡಿಲಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಎದ್ದಾಗ ನನ್ನ ಕೆನ್ನೆಯ ಮೇಲೆ ಓಲೆಯ ಗೆರೆ ಮೂಡಿರುತ್ತಿತ್ತು. ಕಮಲಕ್ಕ ಅದನ್ನು ಬೆರಳಲ್ಲಿ ಉಜ್ಜಿ, "ಇವಳೂ ಸಂಘದವಳೇ, ಮುದ್ರೆ ಬಿದ್ದಾಯ್ತು" ಎಂದು ನಗಾಡುತ್ತಿದ್ದಳು.

ಆ ಚಾಪೆಗೆ ಗಂಡಸರು ಹೆದರುತ್ತಿದ್ದರು ಎಂದರೆ ನೀವು ನಂಬುತ್ತೀರಾ? ಸುಂದರಿಯ ಗಂಡ ಕುಡಿದು ಬಂದು ಅವಳಿಗೆ ಹೊಡೆಯುತ್ತಿದ್ದ. ಒಂದು ಆದಿತ್ಯವಾರ ಸರದಿ ಯಾರದ್ದೋ ಇತ್ತು. ಹೆಂಗಸರು ಸರದಿ ಮುರಿದು ಚಾಪೆಯನ್ನು ಸೀದಾ ಅವಳ ಅಂಗಳಕ್ಕೆ ಹೊತ್ತುಕೊಂಡು ಹೋಗಿ ಹಾಸಿ ಕೂತರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಬೀಡಿ ಸುತ್ತಿದರು, ಮಲ್ಲಿಗೆ ಕಟ್ಟಿದರು, ಯಾರ ದನ ಗಬ್ಬವಾಗಿದೆ ಎಂದು ಮಾತಾಡಿದರು. ಅವನು ಒಳಗಿನಿಂದ ಹೊರಬರಲು ಚಾಪೆ ದಾಟಬೇಕು. ದಾಟಲಿಕ್ಕೆ ಧೈರ್ಯ ಸಾಲದೆ ಬಿಸಿಲಿಳಿಯುವ ತನಕ ಒಳಗೇ ಕೂತ. ಮಾರನೆಯ ದಿನವೂ ಹೋದರು. ಮತ್ತೆ ನಮ್ಮೂರಲ್ಲಿ ಯಾವ ಗಂಡ ದನಿ ಏರಿಸಿದರೂ ಹೆಂಡತಿ, "ಚಾಪೆ ಬರ್ತದೆ ನೋಡಿ" ಎಂದರೆ ಸಾಕಿತ್ತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಗಂಡಸರೂ ಇದ್ದರೆನ್ನಿ. ಅವರು ಕುಡಿದ ದಿನ ಪೇಟೆಯಲ್ಲೇ ಮಲಗಿ ಬರುತ್ತಿದ್ದರು. ಅದೂ ಒಂದು ಲಾಭ ಎಂದು ಐಸಮ್ಮ ಹೇಳುತ್ತಿದ್ದಳು. ಚಾಪೆಯ ಅಂಚಿನ ಕೆಂಪು ಬಟ್ಟೆ ಸುಂದರಿಯ ಮದುವೆ ಸೀರೆಯದು, ಅವಳೇ ಹರಿದು ಹೊಲಿದದ್ದು.

ಇನ್ನೊಂದು ಕಟ್ಟಳೆ ಇತ್ತು. ಸಂಘದವರಲ್ಲಿ ಯಾರಾದರೂ ತೀರಿಕೊಂಡರೆ ಆ ಆದಿತ್ಯವಾರ ಚಾಪೆ ಹಾಸುವಂತಿಲ್ಲ. ಯಾರ ಮನೆಯಲ್ಲಿ ಅದು ಇದೆಯೋ ಅವಳು ಅದನ್ನು ಅಗಲಕ್ಕೆ ಬಿಡಿಸಿ ಜಗಲಿಯ ಗೋಡೆಗೆ ತೂಗಹಾಕಬೇಕು. ಫೋನಿಲ್ಲದ ಕಾಲ. ದೂರದಿಂದ ಗೋಡೆಯಲ್ಲಿ ಚಾಪೆ ಕಂಡರೆ ಸಾಕು, ಹೆಂಗಸರು ಮೆಟ್ಟಿಲು ಹತ್ತದೆ ದಾರಿಯಲ್ಲೇ ನಿಲ್ಲುತ್ತಿದ್ದರು. ಮುಡಿದ ಹೂ ತೆಗೆದು, ಯಾರೆಂದು ಕೇಳಿ, ಒಟ್ಟಿಗೆ ಆ ಮನೆಗೆ ಹೊರಡುತ್ತಿದ್ದರು. ಸತ್ತವಳಿಗೆ ಯಾರೂ ಇಲ್ಲ ಎನ್ನುವ ಹಾಗೆ ಆಗಬಾರದು, ಅಷ್ಟೇ. ಅಜ್ಜಿ ಹೋದಾಗಲೂ ಚಾಪೆ ಗೋಡೆಗೇರಿತ್ತು. ಯಾರನ್ನು ಅಜ್ಜಿ ಅಂಗಳದಲ್ಲಿ ನಿಲ್ಲಿಸುತ್ತಿದ್ದಳೋ ಅವರೇ ಅವಳ ತಲೆದೆಸೆಯಲ್ಲಿ ಕೂತು ಅತ್ತರು.

ಸರಕಾರ ಬಂದದ್ದು ಆಮೇಲೆ. ಅಯಲ್ಕೂಟ, ಅಂದರೆ ನೆರೆಕೂಟ, ಎಂಬ ಹೆಸರು ಬಂತು, ಬೋರ್ಡು ಬಂತು, ತರಬೇತಿ ಬಂತು. ಒಳ್ಳೆಯದೂ ಆಯಿತು, ಆಗಲಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಹೆಂಗಸರು ಹೋಟೆಲು ನಡೆಸಿದರು, ಪಂಚಾಯತಿಗೆ ನಿಂತು ಗೆದ್ದರು. ಇಲ್ಲಿ ತಿರುವನಂತಪುರದಲ್ಲೂ ನಾನು ಕೆಲಸದಲ್ಲಿದ್ದಾಗ ಮಧ್ಯಾಹ್ನದ ಊಟಕ್ಕೆ ಅಂಥವರ ಕ್ಯಾಂಟೀನಿಗೇ ಹೋಗುತ್ತಿದ್ದೆ. ಆದರೆ ಹೊಸ ಕೂಟ ಸೇರುವ ಪಂಚಾಯತಿ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಇದ್ದವು. ಕುರ್ಚಿಯಲ್ಲಿ ಕೂತವರ ಮಂಡಿ ಒಬ್ಬರದ್ದು ಒಬ್ಬರಿಗೆ ತಾಗುವುದಿಲ್ಲ. ಹೊಸ ಹುಡುಗಿಯರು ಕೂಟಕ್ಕೆ ಬಂದು, ಫೋಟೋ ತೆಗೆದು, ಮೇಲಿನವರಿಗೆ ಕಳಿಸಿ, ಸ್ಕೂಟರ್ ಹತ್ತಿ ಹೋಗತೊಡಗಿದರು. ಅವರಿಗೂ ಕೆಲಸವಿತ್ತು, ತಪ್ಪು ಹೇಳಲಾರೆ. ಹಳಬರು ಮಾತ್ರ ತಮ್ಮ ಪಾಡಿಗೆ ಚಾಪೆ ಹೊರುತ್ತ ಉಳಿದರು. ಆಮೇಲೆ ಅವರೂ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಒಬ್ಬೊಬ್ಬರಾಗಿ ಪೇಟೆಗಳಿಗೆ ಹೋದರು. ಕೊನೆಯ ಸಲ ಚಾಪೆ ನಮ್ಮ ಮನೆಗೆ ಬಂದಾಗ ಅಮ್ಮ ಹೇಳಿಕಳಿಸಲು ಯಾರೂ ಉಳಿದಿರಲಿಲ್ಲ. ಹಾಗೆ ಅದು ಅಮ್ಮನಲ್ಲೇ ನಿಂತುಹೋಯಿತು.

ಯೋಗದ ಚಾಪೆಯ ದಿನ ಅಮ್ಮ ಅದನ್ನು ಕೇಳಿದ್ದಕ್ಕೆ ಕಾರಣವಿತ್ತು. ಕೆಲವು ದಿನಗಳ ಹಿಂದೆ ಊರಿನಿಂದ ಯಾರೋ ಫೋನಿನಲ್ಲಿ ಬೇರೇನೋ ಮಾತಾಡುತ್ತ, ಐಸಮ್ಮ ತೀರಿಕೊಂಡು ಆಗಲೇ ವರ್ಷವಾಗುತ್ತಾ ಬಂತು ಎಂದಿದ್ದರು. ಅಮ್ಮ ಆ ದಿನ ಊಟ ಮಾಡಲಿಲ್ಲ.

"ಚಾಪೆ ನನ್ನ ಹತ್ತಿರ ಉಂಟು, ಐಸಮ್ಮ ಹೋದದ್ದು ನನಗೆ ಗೊತ್ತಿಲ್ಲ. ಅದು ಅಟ್ಟದಲ್ಲಿ ಸುತ್ತಿ ಬಿದ್ದುಕೊಂಡಿತ್ತು. ಅವಳಿಗಾಗಿ ಯಾರು ಗೋಡೆಗೆ ಹಾಕಿದ್ರು?" ಎಂದು ಈಗ ಬಾಯಿಬಿಟ್ಟಳು. "ಅದನ್ನು ಕಮಲನಿಗೆ ಕೊಟ್ಟು ಬಾ ಮಗಳೇ. ನನ್ನ ನಂತರ ಅವಳದ್ದೇ ಸರದಿ. ನಾನು ಹೋಗುವಾಗ ಚಾಪೆ ನನ್ನ ಹತ್ತಿರವೇ ಇದ್ರೆ ಅದನ್ನು ಗೋಡೆಗೆ ಹಾಕುದು ಯಾರು? ನೀನಾ? ನಿನ್ನ ಗೋಡೆ ಯಾರಿಗೆ ಕಾಣ್ತದೆ?"

ನಾವಿರುವುದು ಆರನೆಯ ಮಹಡಿಯಲ್ಲಿ.

ಕಮಲಕ್ಕ ಈಗ ಕೊಚ್ಚಿಯಲ್ಲಿ, ಕಾಕ್ಕನಾಡಿನಲ್ಲಿ ಮಗನ ಫ್ಲಾಟಿನಲ್ಲಿದ್ದಾಳೆ. ಆ ಚೊಚ್ಚಲ ಕೂಸೇ ಈಗ ಅಲ್ಲಿಯ ಕಲೆಕ್ಟರೇಟಿನಲ್ಲಿ ನೌಕರ. ನಾನು ಚಾಪೆ ಹೊತ್ತು ಬೆಳಗಿನ ರೈಲು ಹತ್ತಿದೆ. ಕೆಲಸಕ್ಕೆ ಹೋಗುವವರೇ ತುಂಬಿದ್ದ ಬೋಗಿಯಲ್ಲಿ ನನ್ನ ಸುರುಳಿಗೆ ಸೀಟಿಗಿಂತ ಹೆಚ್ಚು ಜಾಗ ಬೇಕಾಯಿತು. ಎದುರಿನವರೊಬ್ಬರು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ನಿವೃತ್ತ ಅನುವಾದಕಿಯ ಘನತೆಯನ್ನೆಲ್ಲ ಒಟ್ಟುಮಾಡಿ, ಇದು ಮಾರುವುದಕ್ಕಲ್ಲ ಎಂದೆ. ಕಾಕ್ಕನಾಡಿನ ಗೇಟಿನಲ್ಲಿ ಸೆಕ್ಯೂರಿಟಿಯವನು ನನ್ನನ್ನು ಆನ್‌ಲೈನ್ ಡೆಲಿವರಿಯವಳೆಂದು ತಿಳಿದು ಹಿಂದಿನ ಲಿಫ್ಟಿಗೆ ಕಳಿಸಿದ. ಯೋಚಿಸಿದರೆ ಅವನು ತಿಳಿದದ್ದು ಸುಳ್ಳೂ ಅಲ್ಲ.

ಕಮಲಕ್ಕ ಬಾಗಿಲು ತೆಗೆದವಳು ನನ್ನನ್ನು ಮಾತಾಡಿಸಲೇ ಇಲ್ಲ. ಚಾಪೆಯನ್ನೇ ಮುಟ್ಟಿ ನೋಡಿದಳು. "ಬಂತಾ?" ಎಂದಳು. ಟೀಪಾಯಿಯನ್ನು ನಾವಿಬ್ಬರೇ ನೂಕಿ, ಸೋಫಾ ಸರಿಸಿ ಹಾಸಿದೆವು. ಅವಳು ಗೋಡೆ ಹಿಡಿದು ಮೆಲ್ಲ ಕುಸಿದು ಕೂತಳು. ನಾನು ಯೋಗದ ಕೃಪೆಯಿಂದ ಅವಳಿಗಿಂತ ಹೆಚ್ಚು ನರಳುತ್ತ ಕೂತೆ. ಮಾತಾಡುತ್ತಿದ್ದಂತೆ ಅವಳ ಬೆರಳುಗಳು ತಮ್ಮಷ್ಟಕ್ಕೆ ಇಲ್ಲದ ಬೀಡಿಯನ್ನು ಸುತ್ತುತ್ತಿದ್ದವು.

"ಅಮ್ಮನಿಗೆ ಹೇಳು, ಹೇಳಿಕೆ ಬರ್ತದೆ ಅಂತ. ಫೋನಿನಲ್ಲಾದ್ರೂ ಎಲ್ಲರನ್ನೂ ಸೇರಿಸುವಾ. ಶ್ರೀಜನಿಗೆ ಗೊತ್ತುಂಟು ಅದೆಲ್ಲ, ಮುಖ ಕಾಣುವ ಹಾಗೆ ಮಾಡಿಕೊಡ್ತಾಳೆ."

ಶ್ರೀಜ ಅವಳ ಸೊಸೆ, ಮಲಯಾಳಿ, ಅತ್ತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವಳು. ಆಫೀಸಿನಿಂದ ಬಂದು, ನೆಲದ ಮೇಲೆ ಕೂತ ನಮ್ಮಿಬ್ಬರನ್ನು ಕಂಡು ಅವಳಿಗೆ ಬಹಳ ಖುಷಿಯಾಯಿತು. ಚಾಪೆಯ ನೇಯ್ಗೆಯನ್ನು ಬಗ್ಗಿ ನೋಡಿದಳು. "ಎಂಥ ಕೈಕೆಲಸ ಆಂಟೀ, ಇದನ್ನು ತುಳಿಯಲು ಮನಸ್ಸು ಬರುವುದಿಲ್ಲ" ಎಂದು ಮಲಯಾಳದಲ್ಲಿ ಹೇಳಿ ಚಪ್ಪಲಿ ಬಿಟ್ಟು ಬದಿಯಿಂದ ಸುತ್ತಿಕೊಂಡು ಹೋಗಿ ಚಹಾ ತಂದಳು. ಹಾಲು ಹಾಕಿದ ಚಹಾ.

ಅಂದಿನಿಂದ ಅಮ್ಮ ಆದಿತ್ಯವಾರಗಳನ್ನು ಕಾಯತೊಡಗಿದಳು. ಊಟವಾದ ಮೇಲೆ ಮುಖ ತೊಳೆದು, ಒಗೆದ ಸೀರೆ ಉಟ್ಟು, ಒಂದು ತುಂಡು ಮಲ್ಲಿಗೆ ಮುಡಿದು, ನನ್ನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂರುವಳು. ಕತ್ತಲಾಗುವಾಗ ಹೂ ತೆಗೆದು ಕಿಟಕಿಯಲ್ಲಿಡುವಳು. ಒಂದು ಸಲ ನಾನೇ ಕಮಲಕ್ಕನಿಗೆ ಫೋನು ಮಾಡಿ ಕೇಳುತ್ತೇನೆ ಎಂದದ್ದಕ್ಕೆ, "ಕೇಳ್ಲಿಕ್ಕಿಲ್ಲ" ಎಂದು ಬೈದಳು. ಕಾಯುವವರ ಎದುರು ಕೂರುವುದು ಬಹಳ ಕಷ್ಟದ ಕೆಲಸ.

ಹೋದ ಆದಿತ್ಯವಾರ ಫೋನು ಸದ್ದು ಮಾಡಿತು. ಶ್ರೀಜಳ ಹೆಸರು ಕಂಡು ನಾನು ಅವಸರದಲ್ಲಿ ಏನೂ ನೋಡದೆ, "ಬಂತಮ್ಮ, ಕಮಲಕ್ಕನ ಮನೆಯಿಂದ ಬಂತು" ಎಂದು ಅಮ್ಮನ ಕೈಗೇ ಕೊಟ್ಟೆ. ಬಂದದ್ದು ಒಂದು ಫೋಟೋ. ಸೋಫಾದ ಹಿಂದಿನ ಗೋಡೆ. ಅದರ ತುಂಬ ನಮ್ಮ ಚಾಪೆ, ಮರದ ಚೌಕಟ್ಟು ಹಾಕಿಸಿ, ಮೇಲಿನಿಂದ ಒಂದು ಪುಟ್ಟ ದೀಪದ ಬೆಳಕು. ಅತ್ತೆಯ ಚಾಪೆಗೆ ಕೊನೆಗೂ ತಕ್ಕ ಜಾಗ ಸಿಕ್ಕಿತು ಎಂದು ಕೆಳಗೆ ಮಲಯಾಳದಲ್ಲಿ ಬರೆದಿದ್ದಳು, ಕೈಮುಗಿಯುವ ಚಿತ್ರವೂ ಇತ್ತು.

ಅಮ್ಮ ಫೋನನ್ನು ದೂರ ಹಿಡಿದು ನೋಡಿದಳು. ಹತ್ತಿರ ತಂದು ನೋಡಿದಳು. ಆಮೇಲೆ ನಿಧಾನಕ್ಕೆ ಮುಡಿಗೆ ಕೈ ಹಾಕಿ ಹೂ ತೆಗೆದಳು.

"ಯಾರು ಹೋದದ್ದು?"

"ಯಾರೂ ಇಲ್ಲಮ್ಮ. ಚಂದಕ್ಕೆ ಹಾಕಿದ್ದು."

"ಚಂದಕ್ಕೆ ಯಾರಾದ್ರೂ ಹಾಗೆ ಹಾಕ್ತಾರಾ? ಕಮಲನಿಗೆ ಗೊತ್ತಿಲ್ವಾ? ಫೋನು ಮಾಡು. ಹೀಗೆ ಕಂಡ ಮೇಲೆ ಕೇಳಬಹುದು."

ನಾನು ಬಾಲ್ಕನಿಗೆ ಹೋಗಿ ಫೋನು ಮಾಡಿದೆ. ಕಮಲಕ್ಕ ದನಿ ತಗ್ಗಿಸಿ ಮಾತಾಡಿದಳು. ಶ್ರೀಜ ಆಚೆ ಅಡಿಗೆಮನೆಯಲ್ಲಿ ಇದ್ದಳಂತೆ.

"ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ ಆ ಹೊತ್ತಿಗೆ ಮಾಡಿಸಿದ್ದು, ಸರ್‌ಪ್ರೈಸು ಅಂತೆ. ಪಾಪ, ಪ್ರೀತಿಯಲ್ಲೇ ಮಾಡಿದ್ದು. ಇಳಿಸು ಅಂತ ಯಾವ ಬಾಯಿಯಲ್ಲಿ ಹೇಳ್ಲಿ? ಕೋಣೆಯಿಂದ ಹೊರಗೆ ಬಂದಾಗಲೆಲ್ಲ ಕಾಣ್ತದೆ ಮಗಳೇ. ಒಂದು ಗಳಿಗೆ ಎದೆ ಹಾರ್ತದೆ, ಯಾರ ಮನೆಗೆ ಹೊರಡಬೇಕಪ್ಪಾ ಅಂತ. ಮತ್ತೆ ನೆನಪಾಗ್ತದೆ." ಆಚೆ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. "ಇನ್ನು ಯಾರು ಹೋದರೂ ಅದು ಹಾಗೇ ಇರ್ತದೆ. ಅಮ್ಮನಿಗೆ ಇದನ್ನು ಹೇಳಬೇಡ."

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಕೇಳಿದ್ದು ಒಂದೇ ಒಂದು ಗೋಡೆ, ತಾನು ಹೋದ ದಿನ ಬೇರೆಯಾಗಿ ಕಾಣುವ ಒಂದು ಗೋಡೆ. ಅದೂ ಇಲ್ಲವಾಯಿತು. ಯಾರನ್ನು ಬೈಯಲಿ ಎಂದು ಹುಡುಕಿದರೆ ಬೈಯಲು ಸಿಗುವಂಥ ಒಬ್ಬರೂ ಇರಲಿಲ್ಲ. ಮುಖ ಒರೆಸಿಕೊಂಡು ಒಳಗೆ ಬಂದರೆ ಅಮ್ಮ ಸೀರೆ ಬದಲಾಯಿಸಿ, ಸಾದಾ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಯಾರಂತೆ?"

"ಕಮಲಕ್ಕನಿಗೂ ಗೊತ್ತಿಲ್ಲವಂತಮ್ಮ."

"ಹೊರಡು. ದಾರಿಯಲ್ಲಿ ಯಾರಾದ್ರೂ ಸಿಕ್ತಾರೆ, ಕೇಳುವಾ."

ಇದು ಉಳ್ಳೂರೆಂದು ಅಮ್ಮನಿಗೆ ತಿಳಿಯದೆ ಅಲ್ಲ. ಚಾಪೆಯನ್ನು ಗೋಡೆಯಲ್ಲಿ ಕಂಡ ಮೇಲೆ ಮನೆಯಲ್ಲಿ ಕೂರುವ ಅಭ್ಯಾಸ ಅವಳಿಗಿಲ್ಲ. ಬೀಗ ಹಾಕಿ, ಅಮ್ಮನ ಕೈ ಹಿಡಿದು ಲಿಫ್ಟಿನಲ್ಲಿ ಇಳಿದು ಗೇಟಿನ ಹೊರಗೆ ಬಂದೆ. ಮೆಡಿಕಲ್ ಕಾಲೇಜಿನ ಕಡೆಯಿಂದ ಬರುತ್ತಿದ್ದ ಒಂದು ಆಟೋ ನಮ್ಮನ್ನು ಕಂಡು ನಿಂತಿತು. ಅಮ್ಮ ಹತ್ತಿ ಕೂತು, ನನಗೂ ಜಾಗ ಬಿಟ್ಟು, ಸೆರಗು ಹೊದ್ದುಕೊಂಡಳು.

"ಎವಿಡೇಕ್ಕಾ, ಚೇಚೀ?" ಎಂದು ಡ್ರೈವರ್ ಕೇಳಿದ. ಎಲ್ಲಿಗೆ?

ಅಮ್ಮ ನನ್ನ ಮುಖ ನೋಡಿದಳು. ಅವನು ಹಿಂದೆ ತಿರುಗಿ ಇನ್ನೊಮ್ಮೆ ಕೇಳಿದ.